ಹೊಲದಿಂದ ನಗರದ ಮಾರುಕಟ್ಟೆಗೆ: ರೈತರ ವಾಹನಗಳಿಗೆ ವಿಮಾ ರಕ್ಷಣೆ ಮತ್ತು ಪರಿಹಾರ ಪಡೆಯುವ ಕ್ರಮ



ಕನಕಪುರ, ಹಾರೋಹಳ್ಳಿ, ಆನೇಕಲ್ ಮತ್ತು ಜಿಗಣಿ ಭಾಗಗಳಲ್ಲಿ ಬೆಳೆದ ತರಕಾರಿ, ಸೊಪ್ಪು, ಹೂವು ಮತ್ತು ಹಣ್ಣುಗಳು ಪ್ರತಿದಿನ ನಸುಕಿನಲ್ಲಿಯೇ ದಕ್ಷಿಣ ಬೆಂಗಳೂರನ್ನು ತಲುಪುತ್ತವೆ. ಕನಕಪುರ ರಸ್ತೆಯ ಮೂಲಕ ಸಾರಕ್ಕಿ ಮಾರುಕಟ್ಟೆ ಹಾಗೂ ಬನಶಂಕರಿಗೆ, ಬನ್ನೇರುಘಟ್ಟ ರಸ್ತೆಯ ಮೂಲಕ ಜೆ.ಪಿ. ನಗರ ಹಾಗೂ ಬಿ.ಟಿ.ಎಂ. ಲೇಔಟ್‌ಗೆ, ಅಲ್ಲಿಂದ ಜಯನಗರ 4ನೇ ಬ್ಲಾಕ್‌ನ ಮಾರುಕಟ್ಟೆಗೆ ಬರುವ ವಾಹನಗಳಲ್ಲಿ ಟಾಟಾ ಏಸ್‌ನಂತಹ ಸಣ್ಣ ಸರಕು ವಾಹನಗಳು, ಪಿಕಪ್‌ಗಳು, ಬಾಡಿಗೆ ಟೆಂಪೋಗಳು ಮತ್ತು ಕೆಲವೊಮ್ಮೆ ಹಿಂದಿನ ಆಸನ ಮಡಚಿ ಕ್ರೇಟ್ ತುಂಬಿದ ಸ್ವಂತ ಕಾರುಗಳೂ ಇರುತ್ತವೆ.

ಇವುಗಳಲ್ಲಿ ಬಹುತೇಕ ವಾಹನಗಳಿಗೆ ವಿಮೆ ಇರುತ್ತದೆ. ಆದರೂ ಅಪಘಾತವಾದಾಗ ಕೆಲವರಿಗೆ ಪರಿಹಾರ ದೊರೆಯುತ್ತದೆ, ಕೆಲವರಿಗೆ ದೊರೆಯುವುದಿಲ್ಲ. ಅನೇಕ ಪ್ರಕರಣಗಳಲ್ಲಿ ಈ ವ್ಯತ್ಯಾಸಕ್ಕೆ ಕಾರಣ ವಿಮೆ ಇಲ್ಲದಿರುವುದಲ್ಲ. ಪಾಲಿಸಿಯಲ್ಲಿ ಬರೆದಿರುವ ಬಳಕೆಗೂ ವಾಹನದ ನಿಜವಾದ ಬಳಕೆಗೂ ಹೊಂದಾಣಿಕೆ ಇಲ್ಲದಿರುವುದು. ವಿಮೆಯು ಕೇವಲ ವಾಹನಕ್ಕೆ ಅಂಟಿಕೊಂಡಿರುವುದಿಲ್ಲ. ವಾಹನದಲ್ಲಿ ಏನನ್ನು ಸಾಗಿಸಲಾಗುತ್ತಿದೆ, ಯಾರು ಚಾಲನೆ ಮಾಡುತ್ತಿದ್ದಾರೆ, ಯಾರು ಎಲ್ಲಿ ಕುಳಿತಿದ್ದಾರೆ ಎಂಬ ಅಂಶಗಳನ್ನು ಅದು ಅವಲಂಬಿಸಿರುತ್ತದೆ. ಈ ವಿಷಯವನ್ನು ರೈತರು ವಾಹನ ರಸ್ತೆಗಿಳಿಯುವ ಮೊದಲೇ ಅರಿತಿರುವುದು ಅಗತ್ಯ.

ವಾಹನ ವಿಮೆಯ ಎರಡು ಭಾಗಗಳು

1. ಮೂರನೇ ವ್ಯಕ್ತಿಯ ವಿಮೆ: ಮೋಟಾರು ವಾಹನಗಳ ಕಾಯ್ದೆ, 1988ರ 146ನೇ ಕಲಮಿನ ಪ್ರಕಾರ ಇದು ಕಡ್ಡಾಯ. ನಿಮ್ಮ ವಾಹನದಿಂದ ಪಾದಚಾರಿಗೆ ಅಥವಾ ಇನ್ನೊಂದು ವಾಹನದಲ್ಲಿರುವವರಿಗೆ ಗಾಯ ಅಥವಾ ಸಾವು ಸಂಭವಿಸಿದರೆ, ನ್ಯಾಯಮಂಡಳಿ ನಿಗದಿಪಡಿಸುವ ಪರಿಹಾರವನ್ನು ವಿಮಾ ಕಂಪನಿ ಭರಿಸುತ್ತದೆ. ಇತರರ ಆಸ್ತಿಗೆ ಆಗುವ ಹಾನಿಗೆ ಕಾರು ಮತ್ತು ವಾಣಿಜ್ಯ ವಾಹನಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಗಳ ಮಿತಿ ಇರುತ್ತದೆ. ವಿಮೆ ಇಲ್ಲದೆ ವಾಹನ ಓಡಿಸಿದರೆ 196ನೇ ಕಲಮಿನಡಿ ಮೊದಲ ಬಾರಿ 2,000 ರೂಪಾಯಿ, ಪುನರಾವರ್ತನೆಯಾದರೆ 4,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು.

2. ಸ್ವಂತ ಹಾನಿಯ ವಿಮೆ: ಇದು ಐಚ್ಛಿಕ. ಅಪಘಾತ, ಬೆಂಕಿ, ಕಳವು, ಪ್ರವಾಹ, ಬಿರುಗಾಳಿ ಮುಂತಾದ ಕಾರಣಗಳಿಂದ ನಿಮ್ಮದೇ ವಾಹನಕ್ಕೆ ಆಗುವ ನಷ್ಟವನ್ನು ಇದು ತುಂಬಿಕೊಡುತ್ತದೆ. ಎರಡೂ ಭಾಗಗಳು ಸೇರಿದ ಪಾಲಿಸಿಯನ್ನು ಸಮಗ್ರ ಪಾಲಿಸಿ ಅಥವಾ ಪ್ಯಾಕೇಜ್ ಪಾಲಿಸಿ ಎನ್ನುತ್ತಾರೆ.

ಕಡಿಮೆ ಕಂತಿನ ಆಸೆಗೆ ಕೇವಲ ಮೂರನೇ ವ್ಯಕ್ತಿಯ ವಿಮೆ ಮಾಡಿಸುವ ರೈತರು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅದರಿಂದ ನಿಮ್ಮ ವಾಹನದ ದುರಸ್ತಿಗೆ ಒಂದು ರೂಪಾಯಿಯೂ ದೊರೆಯುವುದಿಲ್ಲ. ಎರಡನೆಯದಾಗಿ, ಸ್ವಂತ ಕಾರಿನಲ್ಲಿ ನಿಮ್ಮೊಡನೆ ಪ್ರಯಾಣಿಸುವ ಕುಟುಂಬದವರು ಹಾಗೂ ಬಂಧುಗಳು ಆ ಕನಿಷ್ಠ ಪಾಲಿಸಿಯಲ್ಲಿ ಒಳಗೊಳ್ಳುವುದಿಲ್ಲ. ಅವರ ಕುರಿತ ಹೊಣೆ ಸಮಗ್ರ ಪಾಲಿಸಿಯಲ್ಲಿ ಮಾತ್ರ ಸೇರಿರುತ್ತದೆ. ಇದರ ಜೊತೆಗೆ, ವಾಹನದ ಮಾಲೀಕರೇ ಚಾಲಕರಾಗಿದ್ದಲ್ಲಿ ಅವರಿಗಾಗಿ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ರಕ್ಷಣೆ ಇದೆಯೇ ಎಂಬುದನ್ನು ಪಾಲಿಸಿಯಲ್ಲಿ ನೋಡಿಕೊಳ್ಳಬೇಕು.

ಬಳಕೆಯೇ ನಿರ್ಣಾಯಕ

ಪ್ರತಿ ಪಾಲಿಸಿಯಲ್ಲಿಯೂ 'ಬಳಕೆಯ ಮಿತಿ' ಎಂಬ ಭಾಗವಿರುತ್ತದೆ. ಇದು ಅತ್ಯಂತ ಮುಖ್ಯವಾದುದು. ಆದರೆ ಅತ್ಯಂತ ಕಡಿಮೆ ಜನರು ಓದುವ ಭಾಗವೂ ಇದೇ.

ಸ್ವಂತ ಕಾರು (ಬಿಳಿ ಫಲಕ): ಖಾಸಗಿ ಕಾರಿನ ಪಾಲಿಸಿಯು ಬಾಡಿಗೆಗಾಗಿ ಮಾಡುವ ಬಳಕೆಯನ್ನೂ, ವೈಯಕ್ತಿಕ ಸಾಮಾನು ಮತ್ತು ಮಾದರಿಗಳನ್ನು ಬಿಟ್ಟು ಉಳಿದ ಸರಕಿನ ಸಾಗಣೆಯನ್ನೂ ಹೊರಗಿಡುತ್ತದೆ. ಮನೆಬಳಕೆಗೆಂದು ಒಂದು ಚೀಲ ತರಕಾರಿ ಒಯ್ಯುವುದು ಬೇರೆ. ಹತ್ತು ಕ್ರೇಟ್ ಟೊಮ್ಯಾಟೊ ತುಂಬಿ ಮಾರಾಟಕ್ಕೆ ಒಯ್ಯುವುದು ಬೇರೆ. ಎರಡನೆಯ ಸಂದರ್ಭದಲ್ಲಿ ಅಪಘಾತವಾದರೆ ಸ್ವಂತ ಹಾನಿಯ ಕ್ಲೇಮನ್ನು ಕಂಪನಿಯು ನಿರಾಕರಿಸುವ ಸಾಧ್ಯತೆ ಇರುತ್ತದೆ. ಖಾಸಗಿ ವಾಹನವನ್ನು ಬಾಡಿಗೆಗೆ ಬಳಸಿದ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನಿತಿನ್ ಖಂಡೇಲ್‌ವಾಲ್ (2008) ಹಾಗೂ ಅಮಲೇಂದು ಸಾಹೂ (2010) ತೀರ್ಪುಗಳಲ್ಲಿ ಕ್ಲೇಮನ್ನು ಪೂರ್ಣವಾಗಿ ತಿರಸ್ಕರಿಸದೆ ಭಾಗಶಃ ಪಾವತಿಸುವಂತೆ ಆದೇಶಿಸಿದೆ. ಆದರೆ ಆ ಭಾಗಶಃ ಮೊತ್ತವನ್ನು ಪಡೆಯಲು ವಾಹನದ ಮಾಲೀಕರು ಗ್ರಾಹಕ ಆಯೋಗದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಬೇಕಾಯಿತು ಎಂಬುದನ್ನು ಮರೆಯಬಾರದು.

ಸರಕು ವಾಹನ (ಹಳದಿ ಫಲಕ): ಫಸಲನ್ನು ನಿಯಮಿತವಾಗಿ ಮಾರುಕಟ್ಟೆಗೆ ಸಾಗಿಸುವವರಿಗೆ ಇದೇ ಸರಿಯಾದ ಮಾರ್ಗ. ಒಟ್ಟು ತೂಕ 3,000 ಕಿ.ಗ್ರಾಂ ಮೀರದ ಸರಕು ವಾಹನಗಳಿಗೆ ರಹದಾರಿ ಬೇಕಿಲ್ಲ. ಆದರೆ ಅರ್ಹತಾ ಪತ್ರ, ಅಂದರೆ ಎಫ್‌.ಸಿ. ಕಡ್ಡಾಯ. ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಇದನ್ನು ನವೀಕರಿಸಬೇಕು. ವಾಣಿಜ್ಯ ವಾಹನದ ಸಾಮಾನ್ಯ ಪಾಲಿಸಿಯಲ್ಲಿ ದೀಪಗಳು, ಟೈರು, ಮಡ್‌ಗಾರ್ಡ್, ಬಾನೆಟ್, ಬಂಪರ್ ಮತ್ತು ಹಾನಿಗೊಂಡ ಭಾಗದ ಬಣ್ಣದ ಖರ್ಚು ಸೇರಿರುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಹೆಚ್ಚುವರಿ ಕಂತು ಕಟ್ಟಿ 'ಐ.ಎಂ.ಟಿ. 23' ಎಂಬ ಷರತ್ತನ್ನು ಸೇರಿಸಿಕೊಂಡರೆ ಮಾತ್ರ ಇವುಗಳಿಗೆ ರಕ್ಷಣೆ ದೊರೆಯುತ್ತದೆ. ನಗರದ ಇಕ್ಕಟ್ಟಾದ ಮಾರುಕಟ್ಟೆ ರಸ್ತೆಗಳಲ್ಲಿ ಮೊದಲು ಪೆಟ್ಟು ತಿನ್ನುವ ಭಾಗಗಳು ಇವೇ ಆಗಿವೆ.

ಟ್ರ್ಯಾಕ್ಟರ್ ಮತ್ತು ಟ್ರೇಲರ್: ಇವೆರಡೂ ವಿಮೆಯ ದೃಷ್ಟಿಯಲ್ಲಿ ಬೇರೆ ಬೇರೆ. ಟ್ರ್ಯಾಕ್ಟರಿಗೆ ವಿಮೆ ಮಾಡಿಸಿ ಟ್ರೇಲರನ್ನು ಬಿಟ್ಟರೆ, ಟ್ರೇಲರಿನಿಂದಾದ ಅನಾಹುತಕ್ಕೆ ಕಂಪನಿಯು ಹೊಣೆಯನ್ನು ನಿರಾಕರಿಸಬಹುದು. ಚಿನ್ನಮ್ಮ ಪ್ರಕರಣದಲ್ಲಿ (2004) ತರಕಾರಿ ವ್ಯಾಪಾರಿಯೊಬ್ಬರು ತಾವು ಖರೀದಿಸಿದ ತರಕಾರಿಯೊಡನೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಾರುಕಟ್ಟೆಗೆ ಹೋಗುವಾಗ ಮೃತಪಟ್ಟಿದ್ದರು. ತರಕಾರಿ ಕೃಷಿ ಉತ್ಪನ್ನವೇ ಆದರೂ ವ್ಯಾಪಾರಿಯೊಬ್ಬರ ಸರಕಿನ ಸಾಗಣೆಯು ಕೃಷಿ ಉದ್ದೇಶವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದ್ದರಿಂದ ಕೃಷಿ ಉದ್ದೇಶಕ್ಕೆ ಮಾತ್ರ ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಇತರರ ಸರಕಿಗೆ ಬಾಡಿಗೆಗೆ ಕೊಡಬಾರದು.

ವಾಹನದಲ್ಲಿ ಯಾರು, ಎಲ್ಲಿ ಕುಳಿತಿದ್ದಾರೆ?

ಸರಕು ವಾಹನದಲ್ಲಿ ಸರಕಿನ ಮಾಲೀಕರು ಅಥವಾ ಅವರ ಅಧಿಕೃತ ಪ್ರತಿನಿಧಿ ಪ್ರಯಾಣಿಸಿದರೆ ಅವರಿಗೆ 147ನೇ ಕಲಮಿನಡಿ ರಕ್ಷಣೆ ಇದೆ. ಬಾಡಿಗೆ ಟೆಂಪೋದಲ್ಲಿ ತಮ್ಮ ಫಸಲಿನೊಡನೆ ಹೋಗುವ ರೈತರು ಈ ವರ್ಗಕ್ಕೆ ಸೇರುತ್ತಾರೆ. ಆದರೆ ಅವರು ಚಾಲಕನ ಪಕ್ಕದ ಕ್ಯಾಬಿನ್‌ನಲ್ಲಿ ಕುಳಿತಿರಬೇಕು. ಚೊಲ್ಲೇಟಿ ಭಾರತಮ್ಮ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ. ಮೂಟೆಗಳ ಮೇಲೆ ಕುಳಿತು ಪ್ರಯಾಣಿಸುವವರಿಗೆ, ದಾರಿಯಲ್ಲಿ ಹತ್ತಿಸಿಕೊಂಡ ಪರಿಚಿತರಿಗೆ ಹಾಗೂ ಹಣ ಕೊಟ್ಟು ಹತ್ತಿದವರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೂಲಿಕಾರರನ್ನು ಕರೆದೊಯ್ಯುವ ರೂಢಿಯು ಇನ್ನೂ ಅಪಾಯಕಾರಿ. ಬ್ರಿಜ್ ಮೋಹನ್ ಪ್ರಕರಣದಲ್ಲಿ (2007) ವಿಮೆಯಿಲ್ಲದ ಟ್ರಾಲಿಯಿಂದ ಬಿದ್ದು ಗಾಯಗೊಂಡ ಕೂಲಿಕಾರನಿಗೆ ಕಾನೂನಿನ ಪ್ರಕಾರ ವಿಮಾ ಕಂಪನಿಯು ಹೊಣೆಯಲ್ಲವೆಂದು ತೀರ್ಮಾನವಾಯಿತು. ಆತನ ಬಡತನವನ್ನು ಪರಿಗಣಿಸಿದ ನ್ಯಾಯಾಲಯ, ಕಂಪನಿಯೇ ಮೊದಲು ಹಣ ಕೊಟ್ಟು ಅನಂತರ ಅದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ತನ್ನ ವಿಶೇಷಾಧಿಕಾರದಡಿ ಆದೇಶಿಸಿತು. 'ಮೊದಲು ಪಾವತಿ, ನಂತರ ವಸೂಲಿ' ಎಂಬ ಇಂತಹ ಆದೇಶದಿಂದ ಗಾಯಾಳುವಿಗೆ ಹಣ ದೊರೆಯುತ್ತದೆ; ಆದರೆ ಅಂತಿಮವಾಗಿ ಆ ಹೊರೆ ವಾಹನದ ಮಾಲೀಕರ ಆಸ್ತಿಯ ಮೇಲೆ ಬೀಳುತ್ತದೆ. ಒಂದು ದಿನದ ಕೂಲಿ ಸಾಗಣೆಯ ಅನುಕೂಲಕ್ಕಾಗಿ ಕುಟುಂಬದ ಜಮೀನನ್ನೇ ಪಣಕ್ಕಿಡುವುದು ಸರಿಯಲ್ಲ.

ಹಾಗೆಯೇ, ವಾಹನದಲ್ಲಿರುವ ಫಸಲಿಗೂ ವಾಹನ ವಿಮೆಯಲ್ಲಿ ರಕ್ಷಣೆ ಇಲ್ಲ. ಪಿಕಪ್ ಉರುಳಿ ಟೊಮ್ಯಾಟೊ ರಸ್ತೆಪಾಲಾದರೆ ಪಿಕಪ್‌ನ ದುರಸ್ತಿಗೆ ಹಣ ಬರಬಹುದು, ಟೊಮ್ಯಾಟೊಗೆ ಬರುವುದಿಲ್ಲ. ಬೆಲೆಬಾಳುವ ಹೂವು, ರೇಷ್ಮೆಗೂಡು ಅಥವಾ ಹಣ್ಣುಗಳನ್ನು ನಿಯಮಿತವಾಗಿ ಕಳುಹಿಸುವ ರೈತ ಉತ್ಪಾದಕರ ಸಂಸ್ಥೆಗಳು ಪ್ರತ್ಯೇಕ ಸರಕು ಸಾಗಣೆ ವಿಮೆಯ ಬಗ್ಗೆ ವಿಚಾರಿಸುವುದು ಸೂಕ್ತ.

ಚಾಲನಾ ಪರವಾನಗಿ ಮತ್ತು ದಾಖಲೆಗಳು

ಲಘು ಮೋಟಾರು ವಾಹನದ ಪರವಾನಗಿ ಇರುವವರು ಸರಕು ವಾಹನ ಓಡಿಸಬಹುದೇ ಎಂಬ ಪ್ರಶ್ನೆ ಬಹುಕಾಲ ವಿವಾದದಲ್ಲಿತ್ತು. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಒಟ್ಟು ತೂಕ 7,500 ಕಿ.ಗ್ರಾಂಗಿಂತ ಕಡಿಮೆ ಇರುವ ಸಾರಿಗೆ ವಾಹನವನ್ನು ಅದೇ ಪರವಾನಗಿಯಲ್ಲಿ ಓಡಿಸಬಹುದೆಂದು ತೀರ್ಪು ನೀಡಿದೆ. ಸಣ್ಣ ಪಿಕಪ್‌ಗಳನ್ನು ತಾವೇ ಓಡಿಸುವ ರೈತರಿಗೆ ಇದು ನೆಮ್ಮದಿಯ ವಿಷಯ. ಆದರೆ ಪರವಾನಗಿಯ ಅವಧಿ ಮುಗಿದಿರಬಾರದು, ಚಾಲಕರು ಮದ್ಯಪಾನ ಮಾಡಿರಬಾರದು.

ಹಳೆಯ ವಾಹನ ಖರೀದಿಸುವವರು ವಿಶೇಷ ಎಚ್ಚರಿಕೆ ವಹಿಸಬೇಕು. ಮಾಲೀಕತ್ವ ಬದಲಾದಾಗ ಮೂರನೇ ವ್ಯಕ್ತಿಯ ವಿಮೆಯು ತಾನಾಗಿಯೇ ಹೊಸ ಮಾಲೀಕರಿಗೆ ವರ್ಗಾವಣೆಯಾದಂತೆ ಕಾನೂನು ಪರಿಗಣಿಸುತ್ತದೆ. ಸ್ವಂತ ಹಾನಿಯ ವಿಮೆಯು ಹಾಗೆ ವರ್ಗಾವಣೆಯಾಗುವುದಿಲ್ಲ. ಖರೀದಿಸಿದ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಿ ಪಾಲಿಸಿಯಲ್ಲಿ ತಮ್ಮ ಹೆಸರನ್ನು ಸೇರಿಸಿಕೊಳ್ಳಬೇಕು. ಜೊತೆಗೆ ಸಾರಿಗೆ ಕಚೇರಿಯಲ್ಲಿ ಆರ್‌.ಸಿ.ಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕೆಎ-05 ಸಂಖ್ಯೆಯ ಜಯನಗರದ ವಾಹನವನ್ನು ಹಳ್ಳಿಯ ರೈತರು ಕೊಂಡು, ವರ್ಷಗಟ್ಟಲೆ ಹಳೆಯ ಮಾಲೀಕರ ಹೆಸರಿನಲ್ಲಿಯೇ ಓಡಿಸುವುದು ಇಬ್ಬರಿಗೂ ತೊಂದರೆ ತರುತ್ತದೆ.

ಪರಿಹಾರದ ಮೊತ್ತವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ದುರಸ್ತಿಯ ಪೂರ್ಣ ಬಿಲ್ಲನ್ನು ಕಂಪನಿ ಕೊಡುವುದಿಲ್ಲ. ಬದಲಿಸಿದ ಬಿಡಿಭಾಗಗಳ ಮೇಲೆ ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟೈರು ಮತ್ತು ಬ್ಯಾಟರಿಗೆ ಶೇ. 50; ಫೈಬರ್ ಭಾಗಗಳಿಗೆ ಶೇ. 30, ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ ಸವಕಳಿ ಏರುತ್ತದೆ: ಮೂರರಿಂದ ನಾಲ್ಕು ವರ್ಷದೊಳಗಿನ ವಾಹನಕ್ಕೆ ಶೇ. 25, ಐದರಿಂದ ಹತ್ತು ವರ್ಷದೊಳಗಿನದಕ್ಕೆ ಶೇ. 40.

ಉದಾಹರಣೆ: ಮೂರೂವರೆ ವರ್ಷ ಹಳೆಯದಾದ, 1,500 ಸಿ.ಸಿ.ಗಿಂತ ಕಡಿಮೆ ಸಾಮರ್ಥ್ಯದ ಕಾರೊಂದರ ದುರಸ್ತಿಯ ಲೆಕ್ಕವನ್ನು (ತೆರಿಗೆ ಹೊರತುಪಡಿಸಿ) ಗಮನಿಸಿ.

- ಲೋಹದ ಭಾಗಗಳು: ಬಿಲ್ 40,000, ದೊರೆಯುವುದು 30,000 ರೂಪಾಯಿ
- ಪ್ಲಾಸ್ಟಿಕ್ ಭಾಗಗಳು: ಬಿಲ್ 10,000, ದೊರೆಯುವುದು 5,000 ರೂಪಾಯಿ
- ಗಾಜು: ಬಿಲ್ 6,000, ದೊರೆಯುವುದು 6,000 ರೂಪಾಯಿ
- ಕೆಲಸದ ಕೂಲಿ: ಬಿಲ್ 12,000, ದೊರೆಯುವುದು 12,000 ರೂಪಾಯಿ
- ಕಡ್ಡಾಯ ಕಡಿತ: 1,000 ರೂಪಾಯಿ

ಒಟ್ಟು 68,000 ರೂಪಾಯಿಗಳ ಬಿಲ್ಲಿನಲ್ಲಿ 52,000 ರೂಪಾಯಿ ದೊರೆಯುತ್ತದೆ. ಉಳಿದ 16,000 ರೂಪಾಯಿಯನ್ನು ಮಾಲೀಕರೇ ಭರಿಸಬೇಕು. 'ಶೂನ್ಯ ಸವಕಳಿ' ಎಂಬ ಹೆಚ್ಚುವರಿ ರಕ್ಷಣೆ ಪಡೆದಿದ್ದರೆ ಸವಕಳಿಯ ಭಾಗವೂ ದೊರೆಯುತ್ತದೆ. ದುರಸ್ತಿ ವೆಚ್ಚವು ಪಾಲಿಸಿಯಲ್ಲಿ ನಮೂದಿಸಿದ ವಾಹನ ಮೌಲ್ಯದ ಶೇ. 75ನ್ನು ಮೀರಿದರೆ ವಾಹನವು ಸಂಪೂರ್ಣ ನಷ್ಟವಾದಂತೆ ಪರಿಗಣಿಸಲಾಗುತ್ತದೆ. ಆದ್ದರಿಂದ ಕಂತು ಉಳಿಸಲು ಈ ಮೌಲ್ಯವನ್ನು ಕಡಿಮೆ ತೋರಿಸಬಾರದು.

ಕ್ಲೇಮು ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ರಿಯಾಯಿತಿ ದೊರೆಯುತ್ತದೆ. ಸಣ್ಣಪುಟ್ಟ ಗೀರುಗಳಿಗೆ ಕ್ಲೇಮು ಮಾಡಿದರೆ ಈ ರಿಯಾಯಿತಿ ಕೈತಪ್ಪುತ್ತದೆ. ಪಾಲಿಸಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೂ ಅದು ನಷ್ಟವಾಗುತ್ತದೆ.

ಮಳೆ ನೀರು ಮತ್ತು ಬೀಳುವ ಮರಗಳು

ಜಯನಗರ ಮತ್ತು ಬನಶಂಕರಿಯ ರಸ್ತೆಗಳ ಇಕ್ಕೆಲಗಳಲ್ಲಿ ಹಳೆಯ ಮರಗಳಿವೆ. ಮುಂಗಾರುಪೂರ್ವ ಮಳೆಗಾಳಿಗೆ ಕೊಂಬೆ ಬಿದ್ದು ವಾಹನ ಜಖಂಗೊಂಡರೆ ಸ್ವಂತ ಹಾನಿಯ ವಿಮೆಯಲ್ಲಿ ಪರಿಹಾರ ಪಡೆಯಬಹುದು. 2025ರ ಮೇ ತಿಂಗಳ ಭಾರೀ ಮಳೆಯಲ್ಲಿ ಬಿ.ಟಿ.ಎಂ. ಲೇಔಟ್ ಮತ್ತು ಸಿಲ್ಕ್ ಬೋರ್ಡ್ ಸುತ್ತಮುತ್ತ ನೀರು ನಿಂತಂತೆ, ನಿಂತ ನೀರಿನಲ್ಲಿ ವಾಹನ ಮುಳುಗಿದರೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ನೀರಿನಲ್ಲಿ ನಿಂತುಹೋದ ವಾಹನವನ್ನು ಮತ್ತೆ ಚಾಲೂ ಮಾಡಲು ಯತ್ನಿಸಿದರೆ ಎಂಜಿನ್ನಿನ ಒಳಗೆ ನೀರು ಸೇರಿ ಅದು ಹಾಳಾಗುತ್ತದೆ. ಇದನ್ನು ಅನಂತರದ ಹಾನಿಯೆಂದು ಪರಿಗಣಿಸುವುದರಿಂದ, 'ಎಂಜಿನ್ ರಕ್ಷಣೆ' ಎಂಬ ಹೆಚ್ಚುವರಿ ರಕ್ಷಣೆ ಇಲ್ಲದಿದ್ದರೆ ಆ ಖರ್ಚು ದೊರೆಯುವುದಿಲ್ಲ. ಅಂತಹ ಸಂದರ್ಭದಲ್ಲಿ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಛಾಯಾಚಿತ್ರ ತೆಗೆದು, ವಾಹನವನ್ನು ಎಳೆದೊಯ್ಯುವ ವ್ಯವಸ್ಥೆ ಮಾಡಬೇಕು.

ಅಪಘಾತವಾದಾಗ ಅನುಸರಿಸಬೇಕಾದ ಕ್ರಮಗಳು

1. ಗಾಯಗೊಂಡವರಿದ್ದರೆ ಮೊದಲು 108 ಅಥವಾ 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.
2. ಸ್ಥಳ, ಎರಡೂ ವಾಹನಗಳ ಸಂಖ್ಯೆ ಮತ್ತು ಹಾನಿಯ ಛಾಯಾಚಿತ್ರಗಳನ್ನು ತೆಗೆದುಕೊಳ್ಳಬೇಕು. ಸಾಕ್ಷಿಗಳ ದೂರವಾಣಿ ಸಂಖ್ಯೆ ಪಡೆಯಬೇಕು.
3. ಯಾರಿಗಾದರೂ ಗಾಯ ಅಥವಾ ಸಾವು ಸಂಭವಿಸಿದ್ದರೆ ಆ ವ್ಯಾಪ್ತಿಯ ಸಂಚಾರ ಪೊಲೀಸ್ ಠಾಣೆಗೆ ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಮಾಹಿತಿ ನೀಡಬೇಕು. 'ಇಲ್ಲಿಯೇ ರಾಜಿಯಾಗೋಣ' ಎಂದು ಬಿಳಿ ಹಾಳೆಗೆ ಸಹಿ ಹಾಕಬಾರದು.
4. ವಿಮಾ ಕಂಪನಿಗೆ ಕೂಡಲೇ ತಿಳಿಸಿ ಕ್ಲೇಮು ಸಂಖ್ಯೆ ಪಡೆಯಬೇಕು. ಸರ್ವೇಯರ್ ಪರಿಶೀಲಿಸುವ ಮೊದಲು ದುರಸ್ತಿ ಆರಂಭಿಸಬಾರದು.
5. ವಾಹನ ಕಳುವಾದರೆ ಕೂಡಲೇ ಎಫ್‌.ಐ.ಆರ್. ದಾಖಲಿಸಬೇಕು. ಪೊಲೀಸರಿಗೆ ತಕ್ಷಣ ದೂರು ನೀಡಿದ್ದಲ್ಲಿ, ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಿರಸ್ಕರಿಸುವಂತಿಲ್ಲ ಎಂದು ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ (2020) ಸರ್ವೋಚ್ಚ ನ್ಯಾಯಾಲಯ ಹೇಳಿದೆ. ವಾಹನದ ಎರಡೂ ಕೀಲಿಕೈಗಳನ್ನು ಜೋಪಾನವಾಗಿಡಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ, ಕ್ಲೇಮು ದಾಖಲಾದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನಗಳೊಳಗೆ ವರದಿ ಬರಬೇಕು, ವರದಿ ಬಂದ 7 ದಿನಗಳೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ವಿಳಂಬವಾದಾಗ ಈ ಗಡುವುಗಳನ್ನು ಲಿಖಿತವಾಗಿ ಉಲ್ಲೇಖಿಸಬಹುದು.

ಜೀವಹಾನಿ ಅಥವಾ ಗಾಯಕ್ಕೆ ಪರಿಹಾರ

ಗಾಯಾಳುಗಳು ಅಥವಾ ಮೃತರ ಕುಟುಂಬದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಇದಕ್ಕೆ ಆರು ತಿಂಗಳ ಕಾಲಮಿತಿ ಇದೆ. ಅಪಘಾತ ಬೆಂಗಳೂರಿನಲ್ಲಿ ನಡೆದಿದ್ದರೂ ಅರ್ಜಿದಾರರು ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು; ಪ್ರತಿ ವಿಚಾರಣೆಗೂ ನಗರಕ್ಕೆ ಬರಬೇಕಾಗಿಲ್ಲ. ಡಿಕ್ಕಿ ಹೊಡೆದ ವಾಹನವು ಪತ್ತೆಯಾಗದಿದ್ದರೂ ಪರಿಹಾರವಿದೆ: ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ.

ಕ್ಲೇಮು ತಿರಸ್ಕೃತವಾದರೆ

ಮೊದಲು ಕಂಪನಿಯಿಂದ ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆದು, ಅದರ ಕುಂದುಕೊರತೆ ವಿಭಾಗಕ್ಕೆ ದೂರು ನೀಡಬೇಕು. ಪ್ರಾಧಿಕಾರದ ಉಚಿತ ಸಹಾಯವಾಣಿ 155255ರ ಮೂಲಕ ಅಥವಾ 'ಬಿಮಾ ಭರೋಸಾ' ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಬೆಂಗಳೂರಿನ ಒಂಬುಡ್ಸ್‌ಮನ್ ಕಚೇರಿಯು ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಸಾರಕ್ಕಿ ಮಾರುಕಟ್ಟೆಗೆ ಬರುವ ರೈತರಿಗೆ ಇದು ಸಮೀಪದ ಸ್ಥಳ. ಇಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರ ನೀಡುವ ಅಧಿಕಾರ ಒಂಬುಡ್ಸ್‌ಮನ್ ಅವರಿಗಿದೆ. ವ್ಯಕ್ತಿಗಳು, ಏಕಮಾಲೀಕತ್ವದ ವ್ಯವಹಾರಗಳು ಹಾಗೂ ಸೂಕ್ಷ್ಮ ಉದ್ಯಮಗಳು ಇಲ್ಲಿ ದೂರು ನೀಡಬಹುದು. ಇದರ ಹೊರತಾಗಿ, ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

ರೈತರು ನೆನಪಿಡಬೇಕಾದ ಅಂಶಗಳು

- ಪಾಲಿಸಿಯಲ್ಲಿನ 'ಬಳಕೆಯ ಮಿತಿ'ಯನ್ನು ಇಂದೇ ಓದಿ, ಅಥವಾ ಏಜೆಂಟರಿಂದ ಓದಿಸಿ ಅರ್ಥ ಕೇಳಿ ತಿಳಿಯಿರಿ.
- ಮಾರಾಟದ ಸರಕನ್ನು ಸರಕು ವಾಹನದಲ್ಲಿಯೇ ಸಾಗಿಸಿ. ವಾಹನ ಬಾಡಿಗೆಗೆ ಪಡೆಯುವಾಗ ಅದರ ವಿಮೆ ಮತ್ತು ಎಫ್‌.ಸಿ.ಯ ಅವಧಿಯನ್ನು ಪರಿಶೀಲಿಸಿ.
- ಟ್ರೇಲರಿಗೂ ವಿಮೆ ಮಾಡಿಸಿ. ಅದರಲ್ಲಿ ಜನರನ್ನು ಸಾಗಿಸಬೇಡಿ.
- ಫಸಲಿನೊಡನೆ ಹೋಗುವಾಗ ಕ್ಯಾಬಿನ್‌ನಲ್ಲಿಯೇ ಕುಳಿತುಕೊಳ್ಳಿ.
- ಆರ್‌.ಸಿ., ಎಫ್‌.ಸಿ., ಚಾಲನಾ ಪರವಾನಗಿ ಮತ್ತು ಪಾಲಿಸಿ ಮುಗಿಯುವ ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಬಿತ್ತನೆಗೆ ಮೊದಲು ಬೀಜವನ್ನು ಪರೀಕ್ಷಿಸುವ ರೈತರು, ವಾಹನ ಮಾರುಕಟ್ಟೆಗೆ ಹೊರಡುವ ಮೊದಲು ಅದರ ಪಾಲಿಸಿಯನ್ನೂ ಅದೇ ಎಚ್ಚರದಿಂದ ಪರಿಶೀಲಿಸಬೇಕು. ವಾಹನದ ಬಳಕೆ ಬದಲಾದಂತೆ ಪಾಲಿಸಿಯನ್ನೂ ಬದಲಾಯಿಸಿಕೊಂಡಲ್ಲಿ, ಅನಾಹುತ ಸಂಭವಿಸಿದ ದಿನ ವಿಮೆಯು ರೈತ ಕುಟುಂಬಕ್ಕೆ ನಿಜವಾದ ಆಸರೆಯಾಗುತ್ತದೆ.